ಕರಿ ಹರಿಯದ ಸೈಕಲ್ಲು

ಕೊಪ್ಪಳದ ಪಕ್ಕದ ಭಾಗ್ಯನಗರದ ಗಾಳೆಮ್ಮ ಇಷ್ಟು ವರ್ಷದಲ್ಲಿ ಒಮ್ಮೆಯೂ ಸೈಕಲ್ ಹತ್ತಿ ಕೂತವಳಲ್ಲ. ತಳ್ಳಿದ್ದಾಳೆ, ಎತ್ತಿದ್ದಾಳೆ, ತಲೆಕೆಳಗಾಗಿ ನಿಲ್ಲಿಸಿದ್ದಾಳೆ, ಬಿಡಿಬಿಡಿಯಾಗಿ ಬಿಚ್ಚಿ ಗೋಣಿಚೀಲದ ಮೇಲೆ ಹರವಿ ಮತ್ತೆ ಜೋಡಿಸಿದ್ದಾಳೆ. ಹತ್ತಿ ತುಳಿದದ್ದು ಮಾತ್ರ ಇಲ್ಲ. ಯಾಕಮ್ಮಾ ಎಂದರೆ, "ಕುದುರಿಗೆ ಲಾಳ ಹೊಡಿಯಾಂವ ಕುದುರಿ ಏರಿ ದಂಡಿಗೆ ಹೋಗ್ತಾನೇನ್ರಿ?" ಎಂದು ನಮ್ಮನ್ನೇ ಕೇಳುತ್ತಾಳೆ. ಈಗ, ಎಂಬತ್ತೇಳನೇ ಇಸವಿಯಲ್ಲಿ, ಈ ಮಾತಿಗೆ ಎಲ್ಲರೂ ನಗುತ್ತಾರೆ. ಹತ್ತು ವರ್ಷದ ಹಿಂದೆ ಯಾರೂ ನಗುತ್ತಿರಲಿಲ್ಲ. ಸೈಕಲ್ ತುಳಿಯದವಳ ಕೈಗೆ ಬ್ರೇಕ್ ಕೊಡಬಾರದು ಎಂದು ಊರು ಆಗಲೇ ತೀರ್ಮಾನ ಮಾಡಿ ಮುಗಿಸಿತ್ತು.

ಅವಳು ಹುಲಿಹೈದರದ ಹೆಣ್ಣು. ಅಪ್ಪನ ಹೊಲದಲ್ಲಿ ಕಪಲಿ ಬಾವಿ ಇತ್ತು, ಎತ್ತುಗಳು ತೊಗಲಿನ ಚೀಲದಲ್ಲಿ ನೀರು ಎಳೆಯುತ್ತಿದ್ದ ಕಾಲ ಅದು. ಭಾಗ್ಯನಗರದ ವೆಂಕೋಬನಿಗೆ ಅವಳನ್ನು ಕೊಟ್ಟರು. ವೆಂಕೋಬ ಗಂಗಾವತಿಯ ಅಕ್ಕಿ ಮಿಲ್ಲಿನಲ್ಲಿ ಯಂತ್ರದ ಪಟ್ಟಾ, ಅಂದರೆ ಬೆಲ್ಟು, ನೋಡಿಕೊಳ್ಳುವ ಕೆಲಸಗಾರ. ಆರು ದಿನ ಅಲ್ಲಿ, ಒಂದು ದಿನ ಇಲ್ಲಿ. ಅವನಪ್ಪ ಮುದಿಯಪ್ಪನದು ಬೇವಿನ ಗಿಡದ ಕೆಳಗೆ ತಗಡು ಹೊದಿಸಿದ ಒಂದು ಸೈಕಲ್ ಅಂಗಡಿ. ಬಾಡಿಗೆಗೆ ನಾಲ್ಕು ಸೈಕಲ್ಲು, ಒಂದು ಪಂಪು, ಪಂಚರ್ ನೋಡಲು ಒಂದು ನೀರಿನ ಬೋಗುಣಿ. ಎಪ್ಪತ್ತೆರಡನೇ ಇಸವಿಯಲ್ಲಿ ಮುದಿಯಪ್ಪನ ಕಣ್ಣಿಗೆ ಪೊರೆ ಬಂತು. ನಟ್ಟು ಯಾವುದು, ಬೋಲ್ಟು ಯಾವುದು ಎಂದು ತಡಕಾಡುವಂತಾದಾಗ ಸೊಸೆ ಪಂಪು ಹಿಡಿಯಲು ಬಂದಳು. ವರ್ಷ ತುಂಬುವುದರೊಳಗೆ ಮಾವ ಹೊರಸಿನ ಮೇಲೆ, ಸೊಸೆ ನಟ್ಟು ತಿರುವುವ ಪಾನಾ ಹಿಡಿದು ನೆಲದ ಮೇಲೆ.

ಊರು ಮೊದಲು ನಗಾಡಿತು, ಆಮೇಲೆ ಮೂಗು ಮುರಿಯಿತು, ಕೊನೆಗೆ ಅವಳು ಹಾಕಿದ ಪಂಚರ್ ಆರು ತಿಂಗಳಾದರೂ ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡು ಬಂತು. ಪಂಚರ್ ಹಾಕಲಿ, ಚೈನು ಕೂಡಿಸಲಿ, ಗಾಳಿ ತುಂಬಲಿ. ಬ್ರೇಕ್ ಎಂದ ಕೂಡಲೇ ಮಾತ್ರ ಅದೇ ಜನ ಅವಳ ಅಂಗಡಿಯ ಮುಂದೆಯೇ ಸೈಕಲ್ ತಳ್ಳಿಕೊಂಡು ಕೊಪ್ಪಳದ ಬಸ್‌ಸ್ಟ್ಯಾಂಡಿನ ಹತ್ತಿರವಿದ್ದ ರಾಜಾಸಾಬನ ಅಂಗಡಿಗೆ ಹೋಗುತ್ತಿದ್ದರು. ರಾಜಾಸಾಬ ಕೆಟ್ಟವನೇನಲ್ಲ. ಕೈ ಶುದ್ಧ, ಮಾತು ಕಡಿಮೆ, ಸೈಕಲ್ ತುಳಿದರೆ ಇಡೀ ತಾಲೂಕಿನಲ್ಲಿ ಜೋಡಿಯಿಲ್ಲ. ಗಾಳೆಮ್ಮನಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ತನ್ನ ಮುಂದೆ ಹಾಯುವ ಆ ಬ್ರೇಕಿಲ್ಲದ ಸೈಕಲ್ಲುಗಳ ಮೇಲೆ ಇತ್ತು.

"ಅಡಿಗಿ ಮಾಡಾಕಿ ಎಲ್ಲಾರ ಹೊಟ್ಯಾಗ ಹೊಕ್ಕು ನೋಡಿ ಉಪ್ಪು ಹಾಕ್ತಾಳೇನ್ರಿ ಮಾವಾರ?" ಎಂದು ಒಮ್ಮೆ ಮುದಿಯಪ್ಪನ ಮುಂದೆ ಗೊಣಗಿದಳು.

"ಉಪ್ಪು ಹೆಚ್ಚಾದ್ರ ನೀರು ಕುಡೀತಾರವ್ವಾ," ಎಂದ ಮುದಿಯಪ್ಪ. "ಬ್ರೇಕ್ ಕಡಿಮಿ ಆದ್ರ ಹಲ್ಲು ಮುರೀತಾವ. ಅಂಜಿಕಿ ಇರೂದs."

ಮುದುಕ ಹೇಳಿದ್ದು ಸುಳ್ಳಲ್ಲ. ಹಾಗಾಗಿಯೇ ಇನ್ನೂ ಹೆಚ್ಚು ಉರಿಯಿತು.

ಈಗ ಬಂಡೆಯ ವಿಷಯ ಹೇಳಬೇಕು. ಕಾರಹುಣ್ಣಿಮೆಯ ಸಂಜೆ ನಮ್ಮ ಕಡೆ ಎತ್ತುಗಳಿಂದ ಕರಿ ಹರಿಸುವುದು ಎಲ್ಲರಿಗೂ ಗೊತ್ತು. ಎರಡು ಗೂಟಕ್ಕೆ ಹಗ್ಗ ಕಟ್ಟಿ, ಬೇವಿನ ಸೊಪ್ಪು ಸಿಕ್ಕಿಸಿ, ಬಣ್ಣ ಬಳಿದ ಎತ್ತುಗಳನ್ನು ಬೆದರಿಸಿ ಬಿಟ್ಟರೆ ಮೊದಲು ಯಾವ ಎತ್ತು ಹಗ್ಗ ಹರಿಯಿತೋ ಆ ವರ್ಷ ಆ ಬಣ್ಣದ ಪೀಕು ಛಲೋ. ಬಿಳಿ ಎತ್ತು ಹರಿದರೆ ಜೋಳ, ಕೆಂದೆತ್ತು ಹರಿದರೆ ಕೆಂಪು ಕಾಳು. ಈ ಊರಿನ ಸೈಕಲ್ ಮಂದಿ ಇದಕ್ಕೊಂದು ಬಾಲ ಸೇರಿಸಿದ್ದರು. ಎತ್ತುಗಳದು ಮುಗಿದ ಮೇಲೆ ಊರ ಹಿಂದಿನ ಬೋಳಬಂಡೆಯ ಬುಡದಲ್ಲಿ ಇನ್ನೊಂದು ಕರಿ ಕಟ್ಟುತ್ತಿದ್ದರು. ಇದು ಹಗ್ಗವಲ್ಲ, ತಾಗಿದರೆ ತುಂಡಾಗುವ ಸಣ್ಣ ಹುರಿ. ಬಂಡೆಯ ನೆತ್ತಿಯಿಂದ ಸೈಕಲ್ ಮೇಲೆ ಕೂತು, ಕಾಲನ್ನು ಒಮ್ಮೆಯೂ ನೆಲಕ್ಕೆ ಊರದೆ, ಆನೆಯ ಬೆನ್ನಿನಂಥ ಉಬ್ಬು ಇಳಿದು, ಮೊಳದಗಲ ಬಾಯಿಬಿಟ್ಟ ಸೀಳನ್ನು ಮುಂದಿನ ಗಾಲಿ ಎತ್ತಿ ದಾಟಿ, ಕಡೆಯ ಜಾರು ಇಳಿದು, ಆ ಹುರಿಯ ಮುಂದೆ ನಿಲ್ಲಬೇಕು. ಎಷ್ಟು ಹತ್ತಿರ ನಿಂತರೆ ಅಷ್ಟು ಮೇಲು. ಎತ್ತು ಕರಿ ಹರಿದರೆ ಗೆಲುವು, ಸೈಕಲ್ಲು ಕರಿ ಹರಿದರೆ ಸೋಲು.

ಹರಿದವನು ಆ ಹುರಿಯನ್ನು ಸೊಪ್ಪಿನ ಸಮೇತ ಕೊರಳಿಗೆ ಹಾಕಿಕೊಂಡು ಮನೆತನಕ ನಡೆಯಬೇಕು. ಹೆಂಗಸರು ಬಾಗಿಲಿಗೆ ಬಂದು, "ಈ ಎತ್ತಿನ ಬಣ್ಣ ಯಾವದವ್ವಾ?" ಎಂದು ಒಬ್ಬರನ್ನೊಬ್ಬರು ಕೇಳಬೇಕು. ಪದ್ಧತಿ ಎಂದರೆ ಪದ್ಧತಿ.

ಟಪಾಲಿನ ತಿರುಪತಿ ಮೂರು ವರ್ಷ ಸತತವಾಗಿ ಆ ಹುರಿ ಹಾಕಿಕೊಂಡು ನಡೆದವನು. ಯಲಬುರ್ಗಾ ರಸ್ತೆಯ ಏಳು ಹಳ್ಳಿಗೆ ಕೆಂಪು ಸೈಕಲ್ಲಿನ ಮೇಲೆ ಕಾಗದ ಹಂಚುವ ಆಳು, ಇಪ್ಪತ್ತಾರು ವರ್ಷ, ತೆಳ್ಳಗೆ ಉದ್ದಕ್ಕೆ ಜೋಳದ ದಂಟಿನ ಹಾಗೆ. ಸೈಕಲ್ಲು ಕೆಂಪು ಆದದ್ದರಿಂದ ಏಳೂ ಹಳ್ಳಿಯಲ್ಲಿ ಅವನಿಗೆ ಕೆಂದೆತ್ತು ಎಂದೇ ಹೆಸರು ಬಿತ್ತು. ಕುಷ್ಟಗಿಗೆ ಹೆಣ್ಣು ನೋಡಲು ಹೋದರೆ ಹುಡುಗಿಯ ಅಜ್ಜ ಚಹಾ ಕೊಡುವ ಮೊದಲೇ, "ಕೊಪ್ಪಳದ ಕರಿ ಹರಿಯೋ ಎತ್ತು ನೀನs ಏನೋ ತಮ್ಮಾ?" ಎಂದು ಕೇಳಿದನಂತೆ. ಸಂಬಂಧ ಅಲ್ಲಿಗೇ ನಿಂತಿತು.

ಎಪ್ಪತ್ತೆಂಟರ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ತಿರುಪತಿ ಗಾಳೆಮ್ಮನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದ. "ಅಕ್ಕಾ, ನಿನ್ನ ಕೈಲೆ ಬ್ರೇಕ್ ಹಾಕಿಕೊಡು," ಎಂದ.

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಳು. "ಪಂಚರ್ ಇದ್ರ ಹೇಳು. ಬ್ರೇಕ್ ಬೇಕಂದ್ರ ಬಸ್‌ಸ್ಟ್ಯಾಂಡಿಗೆ ಹೋಗು, ಎಲ್ಲಾರೂ ಅಲ್ಲೇ ಹೋಗ್ತಾರ."

"ಮೂರು ವರ್ಷ ಅಲ್ಲೇ ಹೋಗೀನಿ. ರಾಜಾಸಾಬಣ್ಣನ ತಪ್ಪೇನಿಲ್ಲ, ಅವನೂ ಅದs ರಬ್ಬರ್ ಹಾಕ್ಕೊಂಡು ಗೆಲ್ತಾನ. ನನ್ನ ನಸೀಬ ಖೋಟಾ ಐತಿ. ಇನ್ನ ಕಳಕೊಳ್ಳೂದು ಏನೂ ಉಳಿದಿಲ್ಲ, ಅದಕ್ಕ ನಿನ್ನ ಹಂತ್ಯಾಕ ಬಂದೀನಿ."

ಕಳೆದುಕೊಳ್ಳಲು ಏನೂ ಉಳಿಯದವನು ಬರುವ ಅಂಗಡಿ ತನ್ನದು ಎಂದು ಗಾಳೆಮ್ಮನಿಗೆ ಪಿತ್ತ ನೆತ್ತಿಗೇರಿತು. ಅದೇ ಗಳಿಗೆಯಲ್ಲಿ ಎದೆ ಹಿಗ್ಗಿಯೂ ಹೋಯಿತು. ಆರು ವರ್ಷದಲ್ಲಿ ಬ್ರೇಕ್ ಎಂದು ಬಾಯಿಬಿಟ್ಟು ಕೇಳಿದ ಮೊದಲ ಗಿರಾಕಿ ಇವನೇ.

"ನಿನ್ನ ಪಾಳಿ ಎಷ್ಟನೇದು ಬರ್ತಿತ್ತು?" ಎಂದು ಕೇಳಿದಳು.

"ಕಡೇದು. ಹೊಸಬ ಇರಲಿ, ಹೋದ ವರ್ಷ ಹರಿದಾಂವ ಇರಲಿ, ಕಡೀಗೆ ಇಳೀಬೇಕು, ಹಂಗs ಪದ್ಧತಿ."

"ಅಷ್ಟೊತ್ತಿಗೆ ಮಳಿ ಬಂದಿರ್ತೈತಿ?"

ತಿರುಪತಿ ನೆನಪು ಮಾಡಿಕೊಂಡ. ಮೂರು ವರ್ಷವೂ ಬಂದಿತ್ತು. ಕಾರಹುಣ್ಣಿಮೆಯ ಹೊತ್ತಿಗೆ ನಮ್ಮಲ್ಲಿ ಮುಂಗಾರು ಬರುವುದೇ ಹಾಗೆ, ದಿನವಿಡೀ ಬಂಡೆ ಕಾಸಿ, ಸಂಜೆ ನಾಲ್ಕು ಹನಿ ಉದುರಿಸಿ, ಮತ್ತೆ ಬಿಸಿಲು ಬಿಟ್ಟು ಅಣಕಿಸುತ್ತದೆ.

"ನಿನ್ನ ನಸೀಬ ಅಲ್ಲ ತಮ್ಮಾ, ನಿನ್ನ ಪಾಳಿ," ಎಂದಳು ಗಾಳೆಮ್ಮ. "ರಾಜಾಸಾಬಣ್ಣ ಒಣಾ ಬಂಡಿ ಇಳೀತಾನ, ನೀನು ಹಸೀ ಬಂಡಿ ಇಳೀತಿ. ಇಬ್ಬರಿಗೂ ಒಂದs ರಬ್ಬರ್ ಹೆಂಗ ನಡೀತೈತಿ?"

ಅಂದಿನಿಂದ ಅವಳಿಗೆ ಒಂದೇ ಹುಚ್ಚು. ಒಂದು ಹಳೆಯ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಗಾಲಿಯನ್ನು ಬಲವಾಗಿ ತಿರುಗಿಸಿ, ಬ್ರೇಕ್ ಒತ್ತಿ, ಗಾಳಿ ಹೊಡೆಯುವ ವಾಲು ಎಷ್ಟು ಸುತ್ತು ಹಾಕಿ ನಿಲ್ಲುತ್ತದೆ ಎಂದು ಎಣಿಸುವುದು. ಒಮ್ಮೆ ಒಣಗಿದ ಗಾಲಿ, ಒಮ್ಮೆ ಚೊಂಬು ನೀರು ಸುರಿದ ಗಾಲಿ, ಒಮ್ಮೆ ಮಧ್ಯಾಹ್ನದ ಬಿಸಿಲಲ್ಲಿ ಕೈ ಇಡಲಾಗದಷ್ಟು ಕಾದ ಗಾಲಿ. ಮುದಿಯಪ್ಪ ಕಣ್ಣು ಕಾಣದಿದ್ದರೂ ಕಿವಿಯಲ್ಲಿ ಎಣಿಸುತ್ತಿದ್ದ. "ಒಂಬತ್ತು ಸುತ್ತು. ಇದು ಬ್ರೇಕ್ ಅಲ್ಲವ್ವಾ, ಬೆಣ್ಣಿ," ಎಂದು ಹೊರಸಿನಿಂದಲೇ ತೀರ್ಪು ಕೊಡುತ್ತಿದ್ದ. ಪೇಟೆಯ ರಬ್ಬರು ಒಣಗಿದ್ದಾಗ ಎರಡೇ ಸುತ್ತಿಗೆ ನಿಲ್ಲಿಸಿತು, ತೊಯ್ದರೆ ಒಂಬತ್ತು. ರಾಜಾಸಾಬ ಲಾರಿಯ ಟಾಯರು ಕೊಯ್ದು ಮಾಡುವ ತುಂಡು ಒಣಗಿದ್ದಾಗ ಅದಕ್ಕಿಂತ ಚೂಟಿ, ತೊಯ್ದರೆ ಅದಕ್ಕಿಂತ ಹಾಳು. ಅದರ ಕೈಯಲ್ಲಿ ರಿಮ್ಮು ಮೀನಿನ ಹಾಗೆ ಜಾರುತ್ತಿತ್ತು.

ಭಾನುವಾರ ವೆಂಕೋಬ ಮನೆಗೆ ಬಂದಾಗ ಹೆಂಡತಿಯ ಮೈಯೆಲ್ಲ ನೀರು, ಅಂಗಳವೆಲ್ಲ ಕೆಸರು. "ಸೈಕಲ್ಲಿಗೆ ಜಳಕಾ ಮಾಡಸಾಕತ್ತೀಯೇನು?" ಎಂದ. ವಿಷಯ ಕೇಳಿದ ಮೇಲೆ ತಲೆ ಕೆರೆದುಕೊಂಡು, "ನಮ್ಮ ಮಿಲ್ಲಿನ್ಯಾಗ ಪಟ್ಟಾ ಜಾರಿದ್ರ ರಾಳದ ಪುಡಿ ಉಗ್ಗತೀವಿ ನೋಡು. ಕಚ್ಚಿ ಹಿಡೀತೈತಿ," ಎಂದು ಒಂದು ಮಾತು ಒಗೆದು ಉಣ್ಣಲು ಕೂತ. ಮುಂದಿನ ಭಾನುವಾರ ಬರುವಾಗ ಸವೆದ ಪಟ್ಟಾದ ತುಂಡು, ಕಾಗದದಲ್ಲಿ ಕಟ್ಟಿದ ರಾಳ ತಂದಿದ್ದ. ನೂಲು ಹಾಕಿ ನೇಯ್ದು ರಬ್ಬರು ಮೆತ್ತಿದ ಆ ಪಟ್ಟಾವನ್ನು ಗಾಳೆಮ್ಮ ಬ್ರೇಕಿನ ತಗಡಿನ ಗೂಡಿಗೆ ಸರಿಯಾಗಿ ಕೊಯ್ದು ಕೂಡಿಸಿ, ರಾಳ ತಿಕ್ಕಿ ನೋಡಿದಳು. ಗಾಲಿ ಅರ್ಧ ಸುತ್ತಿಗೇ ಗಕ್ಕನೆ ನಿಂತಿತು. ಮುದಿಯಪ್ಪ ಹೊರಸಿನ ಮೇಲೆ ಎದ್ದು ಕೂತ. ಚೊಂಬು ನೀರು ಸುರಿದಳು, ರಾಳ ಲೋಳೆಯಾಗಿ ಗಾಲಿ ಏಳು ಸುತ್ತು ಹಾಕಿತು. ಮುದಿಯಪ್ಪ ಮತ್ತೆ ಮಲಗಿದ.

ಮಳೆಯ ಉತ್ತರ ಅವಳಿಗೆ ತವರಿನಿಂದ ಬಂತು. ಕಪಲಿ ಬಾವಿಯ ಮಿಣಿ, ಅಂದರೆ ನೀರೆಳೆಯುವ ತೊಗಲ ಹಗ್ಗ, ಒಣಗಿದ್ದಾಗ ಗಾಲಿಯ ಮೇಲೆ ಜಾರುತ್ತಿತ್ತು, ಅಪ್ಪ ಪ್ರತಿ ಬೆಳಿಗ್ಗೆ ಎತ್ತು ಹೂಡುವ ಮೊದಲು ಅದನ್ನು ನೀರಲ್ಲಿ ನೆನೆಸುತ್ತಿದ್ದ. ನೆನೆದ ಮಿಣಿ ಗಾಲಿಯನ್ನು ಕಚ್ಚುತ್ತಿತ್ತು. ಚಪ್ಪಲಿ ಹೊಲಿಯುವವರಿಂದ ಎಮ್ಮೆ ತೊಗಲಿನ ದಪ್ಪ ತುಂಡು ತಂದು, ಒಂದು ಹಗಲು ನೆನೆಸಿ ಹಾಕಿದಳು. ಒಣ ಗಾಲಿಗೆ ಐದು ಸುತ್ತು. ನೀರು ಸುರಿದ ಗಾಲಿಗೆ ಮೂರೇ. ನೀರು ಬಿದ್ದಷ್ಟೂ ಹಿಡಿತ ಹೆಚ್ಚುವ ಬ್ರೇಕನ್ನು ಅವಳು ಅದೇ ಮೊದಲು ನೋಡಿದ್ದು. ಆ ದಿನ ರೊಟ್ಟಿ ಬಡಿಯುವಾಗ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳಂತೆ.

ಹೀಗೆ ಬಿಸಿಲಿಗೊಂದು, ಮಳೆಗೊಂದು ಸಿಕ್ಕವು. ಹಬ್ಬದ ಮೂರು ದಿನ ಮೊದಲು ತಿರುಪತಿಯ ಸೈಕಲ್ಲಿಗೆ ಎರಡೂ ಗಾಲಿಗೆ ತೊಗಲು ಕೂಡಿಸಿ ಕೊಟ್ಟಳು. ಹೇಗೂ ಕಡೆಯ ಪಾಳಿ, ಹೇಗೂ ಮಳೆ. ತಿರುಪತಿ ಏಳು ಹಳ್ಳಿಯಲ್ಲಿ ಬಾಯಿ ಬಡಿದುಕೊಂಡು ಬಂದ, ಈ ಸಲ ಗಾಳೆಮ್ಮನ ಬ್ರೇಕು ಎಂದು. ಗಾಳೆಮ್ಮನಿಗೆ ನಿದ್ದೆ ಹಾರಿತು. ಇವನು ನಿಂತರೆ ನಾಳೆಯಿಂದ ಊರಿನ ಬ್ರೇಕು ತನ್ನ ಕೈಗೆ. ಹುರಿ ಹರಿದರೆ, ನೋಡಿದಿರಾ, ತುಳಿಯದವಳ ಬ್ರೇಕು ಎಂದು ಇದ್ದ ಪಂಚರೂ ಹೋಗುತ್ತದೆ.

ಕಾರಹುಣ್ಣಿಮೆ ಬಂತು. ಎತ್ತುಗಳ ಕರಿಯನ್ನು ಒಂದು ಬಿಳಿ ಎತ್ತು ಹರಿದು ಜೋಳದವರ ಮುಖ ಅರಳಿಸಿತು. ಜನವೆಲ್ಲ ಬೋಳಬಂಡೆಯ ಬುಡಕ್ಕೆ ಹರಿದು ಬಂದರು. ಸುಂಕಲಮ್ಮ ಎಂಬ ಮಿರ್ಚಿ ಮಾರುವ ಹೆಂಗಸು ಅಲ್ಲೇ ಮೂರು ಇಟ್ಟಂಗಿ ಇಟ್ಟು ಒಲೆ ಹೂಡಿ, ಬಾಣಲೆ ಏರಿಸಿದ್ದಳು. ಎಂಟು ಮಂದಿ ಇಳಿಯುವವರು. ರಾಜಾಸಾಬ ನಾಲ್ಕನೆಯವನಾಗಿ ಇಳಿದ. ಸೀಳಿನ ಅಂಚಿನಲ್ಲಿ ಸೈಕಲ್ ನಿಲ್ಲಿಸಿ, ಹ್ಯಾಂಡಲ್ ಅತ್ತಿತ್ತ ತಿರುವಿ ಉಸಿರು ತೆಗೆದುಕೊಂಡು, ಚಂಗನೆ ದಾಟಿ, ಹುರಿಗೆ ಒಂದು ಗೇಣು ಬಿಟ್ಟು ನಿಂತ. ಜನ ಸೀಟಿ ಹೊಡೆದರು. ನಿಂತು ಅಳೆದ ಮೇಲೆ ಅವನು ಕಾಲು ಊರಿದ್ದೂ ಹೊಲಕ್ಕೆ ಬಂದ ಗೌಡನ ಗತ್ತಿನಲ್ಲೇ. ಆಮೇಲೆ ಮೋಡ ಕವಿದು ಹನಿ ಬಿದ್ದವು. ಐದನೆಯವನು ಹರಿದ, ಆರನೆಯವನು ಹರಿದ, ಏಳನೆಯವನು ಸೀಳಿನಲ್ಲೇ ಕಾಲು ಊರಿದ.

ಆಗ ತಿರುಪತಿಯ ಅವ್ವ ಮುದಕಮ್ಮ ಮಗನ ಸೈಕಲ್ಲನ್ನು ತಾನೇ ಹಿಡಿದುಕೊಂಡು ಬಂದಳು.

ಹ್ಯಾಂಡಲಿಗೆ ಬಣ್ಣದ ಗೊಂಡೆ, ಗಂಟೆಗೆ ಹೂವು. ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಎರಡೂ ಗಾಲಿಯ ರಿಮ್ಮಿಗೆ ಒಳಗೂ ಹೊರಗೂ ಔಡಲೆಣ್ಣೆಯಲ್ಲಿ ಕಲಸಿದ ಹುರಮಂಜು ಮೆತ್ತಿತ್ತು, ಎತ್ತಿನ ಕೋಡಿಗೆ ಬಳಿಯುವ ಅದೇ ಕೆಂಪು. ಮುದುಕಿ ನಸುಕಿನಲ್ಲೆದ್ದು ಸೈಕಲ್ಲಿನ ಮೈ ತೊಳೆದು, ಎಣ್ಣೆ ಹಚ್ಚಿ, ಬಣ್ಣ ಬಳಿದು, ಆರತಿ ಎತ್ತಿದ್ದಳು. ತಿರುಪತಿ ನಸುಕಿಗೇ ಹೊಲದ ಕಡೆ ಹೋದವನು ಅಲ್ಲಿಂದ ಹಾಗೇ ಎತ್ತುಗಳ ಕರಿ ನೋಡಲು ಹೋಗಿದ್ದ, ಸೈಕಲ್ಲು ನೋಡಿರಲಿಲ್ಲ.

ಗಾಳೆಮ್ಮ ಬಗ್ಗಿ ಬ್ರೇಕಿನ ತೊಗಲು ಒತ್ತಿದಳು. ಬೆರಳಿಗೆ ಎಣ್ಣೆ ಒಸರಿತು. "ಯವ್ವಾ, ಇದೇನು ಮಾಡಿಟ್ಟೀರಿ?"

"ಹಬ್ಬ ಅಲ್ಲೇನವ್ವಾ?" ಎಂದಳು ಮುದಕಮ್ಮ, ಮುಖದ ತುಂಬ ಸಂತೋಷ. "ಎಲ್ಲಾರೂ ಅವರವರ ಎತ್ತಿಗೆ ಮಾಡ್ತಾರ. ನಮ್ಮನ್ಯಾಗ ಅನ್ನ ದುಡಿಯೋ ಎತ್ತು ಇದs. ಬಿದಿರಿನ ಗೊಟ್ಟದಾಗ ತತ್ತಿ ಒಡದು ಕುಡಸೂದೊಂದು ಬಾಕಿ, ಬಾಯಿ ಎಲ್ಲೈತಿ ಗೊತ್ತಾಗಲಿಲ್ಲ."

ಇಂಥ ಮಾತಿಗೆ ಯಾರು ಸಿಟ್ಟು ಮಾಡಲು ಸಾಧ್ಯ? ಮುದುಕಿ ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಗಾಳೆಮ್ಮ ಸೆರಗು ಸಿಕ್ಕಿಸಿ ನೇರವಾಗಿ ಸುಂಕಲಮ್ಮನ ಒಲೆಗೆ ನಡೆದಳು. ಕೆಳಗಿನಿಂದ ಎರಡು ಬೊಗಸೆ ಬೂದಿ ಬಾಚಿದಳು, ಬಾಣಲೆ ಒಂದು ಬದಿಗೆ ಎತ್ತಿ ಹಿಡಿ ಎಂದು ಹೇಳಿ ಒಂದು ಇಟ್ಟಂಗಿಯನ್ನೂ ಎಳೆದುಕೊಂಡಳು.

"ಇಟ್ಟಂಗಿ ಒಯ್ದ್ರ ನನ್ನ ಮಿರ್ಚಿ ಗತಿ ಏನವ್ವಾ?" ಎಂದು ಸುಂಕಲಮ್ಮ ಬಾಣಲೆ ಹಿಡಿದು ಒಂಟಿಕಾಲಲ್ಲಿ ನಿಂತಳು.

"ಕಲ್ಲು ಇಡು. ಇಲ್ಲಿ ಕಲ್ಲಿಗೇನು ಬರಗಾಲ?"

ಬೂದಿಯಲ್ಲಿ ಎಣ್ಣೆ ಹೀರಿಸಿ, ನೀರು ಹಾಕಿ ತಿಕ್ಕಿ, ಇನ್ನೂ ಬಿಡದಿದ್ದಾಗ ಇಟ್ಟಂಗಿಯಿಂದ ರಿಮ್ಮಿನ ಒಳಮೈ ಉಜ್ಜತೊಡಗಿದಳು. ಹುರಮಂಜಿನ ಜೊತೆಗೆ ರಿಮ್ಮಿನ ಬೆಳ್ಳಿಯಂಥ ಹೊಳಪೂ ಕಿತ್ತು ಬಂತು. ಆಗಷ್ಟೇ ಓಡಿಬಂದ ತಿರುಪತಿ ತನ್ನ ಗಾಲಿಯ ಗತಿ ನೋಡಿ ತಲೆ ಹಿಡಿದುಕೊಂಡ. ಗಾಳೆಮ್ಮ ಕೈ ಬಿಡಲಿಲ್ಲ. ಉಜ್ಜಿದ ಮೇಲೆ ಹೆಬ್ಬೆರಳು ಆಡಿಸಿದಳು. ನುಣ್ಣಗಿದ್ದ ಕಬ್ಬಿಣ ಬೀಸುವ ಕಲ್ಲಿನ ಹಾಗೆ ತರಿತರಿಯಾಗಿತ್ತು. ಎಂದೂ ಹೀಗೆ ಮಾಡಿ ನೋಡಿರಲಿಲ್ಲವಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು. ಐದು ತಿಂಗಳು ತುಂಡುಗಳನ್ನೇ ಬದಲಿಸುತ್ತ ಕೂತಿದ್ದಳು, ರಿಮ್ಮಿನ ನೆನಪೇ ಆಗಿರಲಿಲ್ಲ.

ಎಣ್ಣೆ ಕುಡಿದ ತೊಗಲನ್ನು ಕಿತ್ತೊಗೆದಳು. ಎಲೆಅಡಿಕೆಯ ಸಂಚಿಯಲ್ಲಿ ಉಳಿದದ್ದು ಒಂದು ಜೋಡಿ ತೊಗಲು, ಒಂದು ಜೋಡಿ ಮಿಲ್ಲಿನ ಪಟ್ಟಾ. ಒಂದು ಗಾಲಿಗೆ ಒಂದು ಜೋಡಿ ಬೇಕು. ಅಷ್ಟರಲ್ಲಿ ಮಳೆ ನಿಂತು ಹಾಳು ಬಿಸಿಲು ಬಿಟ್ಟಿತ್ತು. ಬಂಡೆಯ ನೆತ್ತಿ ಹಬೆ ಬಿಟ್ಟು ಆರುತ್ತಿತ್ತು, ಬುಡದಲ್ಲಿ ಮೇಲಿನಿಂದ ಹರಿದ ನೀರು ತೆಳ್ಳಗೆ ನಿಂತಿತ್ತು. ಅವಳು ಮೇಲೆ ನೋಡಿದಳು, ಕೆಳಗೆ ನೋಡಿದಳು. ಹಿಂದಿನ ಗಾಲಿಗೆ ರಾಳ ತಿಕ್ಕಿದ ಪಟ್ಟಾ ಕೂಡಿಸಿದಳು. ತೊಗಲನ್ನು ಸುಂಕಲಮ್ಮನ ಕೊಡದಲ್ಲಿ ಅದ್ದಿ ಮುಂದಿನ ಗಾಲಿಗೆ ಕೂಡಿಸಿದಳು.

"ಕೇಳಿಲ್ಲೆ," ಎಂದಳು ತಿರುಪತಿಗೆ. "ಮ್ಯಾಗ ಬಂಡಿ ಒಣಗೇತಿ. ಅಲ್ಲಿ ಹಿಂದಿನ ಬ್ರೇಕ್ ನಂಬು, ಮುಂದಿನದು ಮುಟ್ಟಬ್ಯಾಡ. ಕೆಳಗ ನೀರಾಗ ಬಂದ ಮ್ಯಾಲೆ ಹಿಂದಿನದು ಕೈ ಕೊಡ್ತೈತಿ, ಮುಂದಿನದು ಹಿಡಿ. ಒಮ್ಮೆಲೆ ಜಗ್ಗಬ್ಯಾಡ. ಮನ್ಯಾಗ ಎಮ್ಮಿ ಹಿಂಡ್ತೀಯಲ್ಲ, ಹಂಗ ಹಿಂಡು."

"ಆಗಲಿ ಅಕ್ಕಾ," ಎಂದ ತಿರುಪತಿ.

ಅವನು ನೆತ್ತಿಯಲ್ಲಿ ಕಾಣಿಸಿಕೊಂಡಾಗ ಜನ, "ಬಂತು ಕೆಂದೆತ್ತು," ಎಂದು ಕೂಗಿದರು. ಗಾಳೆಮ್ಮನಿಗೆ ಅದು ಕೇಳಿಸಲಿಲ್ಲ, ಗಾಲಿಗಳಷ್ಟೇ ಕಾಣುತ್ತಿದ್ದವು. ಆನೆಬೆನ್ನಿನ ಮೇಲೆ ಸೈಕಲ್ಲು ಹಲ್ಲಿಯ ಹಾಗೆ ಕಚ್ಚಿಕೊಂಡು ಇಳಿಯಿತು. ಸೀಳಿನ ಅಂಚಿನಲ್ಲಿ ಹಿಂಗಾಲಿ ಗಕ್ಕನೆ ನಿಂತಿತು. ತಿರುಪತಿ ಅಲ್ಲಿ ಅಲುಗದೆ ನಿಂತ, ಒಂದು, ಎರಡು, ಮೂರು ಉಸಿರು, ಮುಂಗಾಲಿ ಎತ್ತಿದ, ದಾಟಿದ. ಜಾರು ಶುರುವಾಯಿತು. ನೀರು ಸಿಡಿಯಿತು. ಹಿಂಗಾಲಿ ಜಾರಿ ಅಡ್ಡಕ್ಕೆ ಎಳೆಯಿತು, ಜನ ಹೋ ಎಂದರು. ಮುಂದಿನ ಬ್ರೇಕಿನ ಮೇಲಿದ್ದ ಅವನ ಬಲಗೈ ಮಾತ್ರ ಒತ್ತುತ್ತ, ಬಿಡುತ್ತ, ಒತ್ತುತ್ತ, ಬಿಡುತ್ತ 'ಎಮ್ಮೆ ಹಿಂಡುತ್ತಿತ್ತು'. ತೊಯ್ದ ತೊಗಲು ತರಿತರಿ ರಿಮ್ಮನ್ನು ಹಿಡಿದು ಗೊರ್ ಎಂದಿತು. ಮುಂಗಾಲಿ ಹುರಿಗೆ ಬಂತು, ಬೇವಿನ ಸೊಪ್ಪಿಗೆ ತಾಗಿತು, ಸೊಪ್ಪು ಹಿಂದಕ್ಕೆ ಬಾಗಿತು.

ಹುರಿ ಹರಿಯಲಿಲ್ಲ.

ಅಳೆಯುವ ಹಿರಿಯರು ಬೆರಳು ತೂರಿಸಲು ನೋಡಿದರು, ಬೆರಳಿಗೆ ಜಾಗವಿರಲಿಲ್ಲ. ತಿರುಪತಿ ಕಾಲು ಊರುವುದನ್ನೇ ಮರೆತು ಸೈಕಲ್ಲಿನ ಸಮೇತ ಪಕ್ಕಕ್ಕೆ ಬಿದ್ದ, ಬಿದ್ದಲ್ಲೇ ನಕ್ಕ. ಗಾಳೆಮ್ಮ ಸುಂಕಲಮ್ಮನನ್ನು ಅಪ್ಪಿಕೊಂಡು ಅತ್ತಳು. ಯಾಕೆ ಅಳುತ್ತಾಳೆ ಎಂದು ತಿಳಿಯದೆ ಸುಂಕಲಮ್ಮನೂ ಒಂದಿಷ್ಟು ಅತ್ತು, ಬಿಟ್ಟಿ ಮಿರ್ಚಿ ಕೊಟ್ಟಳು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಊರಿನ ಬುದ್ಧಿ ಅಷ್ಟು ನೆಟ್ಟಗಿದ್ದರೆ ಮುಗಿಯುತ್ತಿತ್ತು. ತಿರುಪತಿ ಗೆದ್ದದ್ದು ಅವನವ್ವ ಮಾಡಿದ ಪೂಜೆಯಿಂದ ಎಂದು ಹೊತ್ತು ಮುಳುಗುವುದರೊಳಗೆ ತೀರ್ಮಾನವಾಯಿತು. ಎತ್ತಿಗೆ ಮಾಡಿದ ಹಾಗೆ ಸೈಕಲ್ಲಿಗೂ ಮಾಡಬೇಕಿತ್ತು, ಇಷ್ಟು ದಿನ ನಮಗೆ ಹೊಳೆಯಲಿಲ್ಲ ಎಂದು ಹಿರಿಯರು ತಲೆದೂಗಿದರು. ಮರುದಿನ ಇಬ್ಬರು ತಮ್ಮ ರಿಮ್ಮಿಗೆ ಔಡಲೆಣ್ಣೆ ಹಚ್ಚಿಕೊಂಡು ಹೊರಟು ನೇರವಾಗಿ ಹಳ್ಳದ ನೀರಿಗೆ ಇಳಿದರಂತೆ. ಮೈಗೆ ಏನೂ ಆಗಲಿಲ್ಲ, ಭಕ್ತಿಗಷ್ಟೇ ಪೆಟ್ಟು.

ತಿರುಪತಿ ಹೋದ ಹೋದಲ್ಲಿ ಗಾಳೆಮ್ಮನ ಹೆಸರು ಹೇಳಿದ. ಗೆದ್ದ ಹುಡುಗ ದೊಡ್ಡ ಮನಸ್ಸು ಮಾಡಿ ಹೇಳುತ್ತಾನೆ ಎಂದು ಜನ ನಕ್ಕರು. ಮೊದಲ ದಿನ ಅಂಗಡಿಗೆ ಎರಡು ಪಂಚರ್ ಬಂದವು. ಎರಡನೇ ದಿನ ಒಂದು. ಬ್ರೇಕಿನ ಸೈಕಲ್ಲುಗಳು ಎಂದಿನಂತೆ ಮುಂದೆಯೇ ಹಾದು ಹೋದವು. ಗಾಳೆಮ್ಮ ಬೋಗುಣಿಯ ನೀರು ನೋಡುತ್ತ ಕೂತಿದ್ದಳು.

ಬಂಡೆಯ ಬುಡದಲ್ಲಿ ಒಬ್ಬನೇ ಒಬ್ಬ ಬಗ್ಗಿ ನೋಡಿದ್ದ, ಅದನ್ನು ಅವಳು ಗಮನಿಸಿರಲಿಲ್ಲ. ಜನ ತಿರುಪತಿಯನ್ನು ಎತ್ತಿಕೊಂಡು ಕುಣಿಯುವಾಗ ರಾಜಾಸಾಬ ಬಿದ್ದ ಸೈಕಲ್ಲಿನ ಹತ್ತಿರ ಕೂತು, ರಿಮ್ಮಿನ ಮೇಲೆ ಬೆರಳಾಡಿಸಿ, ತೊಗಲು ಒತ್ತಿ, ಪಟ್ಟಾ ಮೂಸಿ ನೋಡಿ ಎದ್ದು ಹೋಗಿದ್ದ.

ಮೂರನೇ ದಿನ ಬೆಳಿಗ್ಗೆ, ಸಂತೆಗೆ ಹೋಗುವ ಜನ ರಸ್ತೆ ತುಂಬಿರುವಾಗ, ರಾಜಾಸಾಬ ಬಸ್‌ಸ್ಟ್ಯಾಂಡಿನಿಂದ ಭಾಗ್ಯನಗರದವರೆಗೆ ಒಂದು ಸಣ್ಣ ಹೆಣ್ಣುಮಕ್ಕಳ ಸೈಕಲ್ಲನ್ನು ತಳ್ಳಿಕೊಂಡು ಬಂದ. ಹತ್ತಿ ಬರಬಹುದಿತ್ತು, ಹತ್ತಲಿಲ್ಲ. ಎಲ್ಲರೂ ನೋಡಿದರು. ಗಾಳೆಮ್ಮನ ಅಂಗಡಿಯ ಮುಂದೆ ನಿಲ್ಲಿಸಿ, ಗಿರಾಕಿ ಕೂರುವ ಹಲಗೆಯ ಮೇಲೆ ಕೂತ.

"ತಂಗೀ, ಇದರ ಬ್ರೇಕ್ ನೋಡು."

ಗಾಳೆಮ್ಮ ಎದ್ದು ನಿಂತಳು. "ನೀವs ಹಾಕಬೋದಲ್ರಿ ಅಣ್ಣಾರ?"

"ಬ್ಯಾಸಗಿ ಆಗಿದ್ರ ಹಾಕ್ತಿದ್ದೆ. ಮಗಳು ಜೈನಾಬೀಂದು ಇದು. ಸಾಲಿಗೆ ಹೋಗೂ ದಾರ್ಯಾಗ ದೊಡ್ಡ ಇಳಿಜಾರ ಐತಿ, ಕೆಳಗ ಲಾರಿ ಓಡ್ತಾವ. ಮಳಿಗಾಲ ಬಂತು." ಬ್ರೇಕಿನ ಮೇಲೆ ಬೆರಳಿಟ್ಟು ಹೇಳಿದ, "ಮಳಿ ಬ್ರೇಕು ನನ್ನ ಕೈಯಾಗ ಇಲ್ಲ. ನಿನ್ನ ಕೈಯಾಗ ಐತಿ, ನೋಡೀನಿ."

ದಾರಿಯಲ್ಲಿ ನಿಂತು ಕೇಳುತ್ತಿದ್ದವರು ಹತ್ತಾರು ಜನ. ಗಾಳೆಮ್ಮನಿಗೆ ಅವರು ಯಾರೂ ಬೇಕಾಗಿರಲಿಲ್ಲ. ಸೈಕಲ್ಲಿನ ಸಣ್ಣ ಸೀಟು ನೋಡಿದಳು, ಹ್ಯಾಂಡಲಿಗೆ ಕಟ್ಟಿದ ಪುಸ್ತಕದ ಚೀಲದ ಗುರುತು ನೋಡಿದಳು. "ಸಂಜೀಗೆ ಬರ್ರಿ," ಎಂದಳು. "ಇಲ್ಲಾಂದ್ರ ಹುಡುಗೀನ ಕಳಸ್ರಿ. ಹೆಂಗ ಹಿಡೀಬೇಕು ಅಂತ ನಾನs ಹೇಳಿಕೊಡ್ತೀನಿ."

"ಆಕೀನ ಕಳಸ್ತೀನಿ," ಎಂದು ರಾಜಾಸಾಬ ಎದ್ದು ಹೋದ.

ಅವನು ಕಣ್ಣಿಗೆ ಮರೆಯಾಗುವತನಕ ಗಾಳೆಮ್ಮ ಹಾಗೇ ನಿಂತಿದ್ದಳು. ಆಮೇಲೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ತೊಗಲಿನ ತುಂಡನ್ನು ಬೋಗುಣಿಗೆ ಹಾಕಿ, ಇಟ್ಟಂಗಿ ತೆಗೆದುಕೊಂಡು ಕೂತಳು. ಉಜ್ಜುವ ಸದ್ದಿಗೆ ಹೊರಸಿನ ಮೇಲೆ ಮುದಿಯಪ್ಪ ಮಗ್ಗುಲಾದ.

"ಯಾರವ್ವಾ ಬಂದಿದ್ರು?"

"ಗಿರಾಕಿರಿ, ಮಾವಾರ."

"ಪಂಚರೇನು?"

ಗಾಳೆಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಗಾಲಿಯನ್ನು ಒಮ್ಮೆ ಬಲವಾಗಿ ತಿರುಗಿಸಿದಳು.

"ಅಲ್ರಿ," ಎಂದಳು. "ಬ್ರೇಕು."